ನೀಲಿ ಅಕ್ಷರದ ಬ್ರೌಸರೂ ತಿಪ್ಪೇಶಿಯೂ

ಚಳ್ಳಕೆರೆ ಬಸ್ ಸ್ಟ್ಯಾಂಡ್ ಎದುರು ಓಬಮ್ಮ ಒಂದು ಸೈಬರ್ ಸೆಂಟರ್ ಇಟ್ಟಿದ್ದಳು. ಅವಳಿಗೊಬ್ಬನೇ ಮಗ, ತಿಪ್ಪೇಶಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಗೋಳು.

ಆಗ ಊರಿಗೆಲ್ಲ ಒಂದೇ ಬ್ರೌಸರ್. ಕಂಪ್ಯೂಟರ್ ಕೊಂಡರೆ ಒಳಗೇ ಇರುತ್ತಿತ್ತು, ನೀಲಿ 'e' ಅಕ್ಷರದ ಗುರುತಿನದು. ಇಂಟರ್ನೆಟ್ ಅಂದರೆ ಅದೇ ಅಂತ ಜನ ತಿಳಿದಿದ್ದರು.

"ಆ ನೀಲಿ ಅಕ್ಷರ ಒತ್ತು. ಬೇರೆ ಏನನ್ನೂ ಮುಟ್ಟಬೇಡ," ಅಂದಳು ಓಬಮ್ಮ.

ಸರಿ. ಗಿರಾಕಿಗಳು ದುಡ್ಡು ಕೊಡಲು ಬಂದರೆ ಇವನು ಮುಟ್ಟಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ.

"ಬುದ್ಧಿ ಬೇಡವೇನೋ? ಕೊಟ್ಟರೆ, ಕೇಳಿದರೆ, ಹೂಂ ಅನ್ನಬೇಕು."

ಸರಿ. ಬ್ರೌಸರ್ ಕೇಳಿತು, ಪರದೆಯ ಮೇಲ್ಗಡೆ ಈ ಟೂಲ್‌ಬಾರ್ ಪಟ್ಟಿ ಸೇರಿಸಲೇ? ಹೂಂ. ಇನ್ನೊಂದು? ಹೂಂ. ಪಟ್ಟಿಯ ಮೇಲೆ ಪಟ್ಟಿ ಕೂತು ಓದಲು ಬೆರಳಗಲ ಜಾಗವಷ್ಟೇ ಉಳಿಯಿತು. ರಿಸಲ್ಟ್ ನೋಡಲು ಬಂದವನು ತನ್ನ ಹೆಸರಷ್ಟೇ ನೋಡಿ, ಪಾಸೋ ಫೇಲೋ ತಿಳಿಯದೆ ಮನೆಗೆ ಹೋದ.

"ಕೇಳಿದ್ದಕ್ಕೆಲ್ಲ ಹೂಂ ಅಂತಾರೇನೋ ಪೆದ್ದ? ಇನ್ನು ಬೇಡ ಅನ್ನು."

ಸರಿ. ಹಿರಿಯೂರಿಗೆ ಹೆಣ್ಣು ನೋಡಲು ಹೋದರು. "ಹುಡುಗಿ ಒಪ್ಪಿಗೆಯೇನಪ್ಪ?" ಅಂದರು ಹುಡುಗಿಯ ಸೋದರಮಾವ. "ಬೇಡ" ಅಂದ. ಹುಡುಗಿ ಮನಸ್ಸಿಗೆ ಹಿಡಿಸಿದ್ದಳು. ಬರುವಾಗ ಬಸ್ಸಿನಲ್ಲಿ ಅತ್ತ.

ಅಂಗಡಿಯ ಕಂಪ್ಯೂಟರೂ ದಿನಾ ಕೇಳುತ್ತಿತ್ತು, ಹೊಸ ಬ್ರೌಸರ್ ಬಂದಿದೆ, ಹಾಕಲೇ ಅಂತ. ದಿನಾ ಬೇಡ ಅಂದ. ಊರೆಲ್ಲ ಹೊಸದಕ್ಕೆ ಹೋಯಿತು, ಗಿರಾಕಿಗಳೂ ಹೋದರು. ಓಬಮ್ಮನ ಅಂಗಡಿ ನೀಲಿ ಅಕ್ಷರದಲ್ಲೇ ಉಳಿಯಿತು. ಕೆಲವು ದೊಡ್ಡ ಕಚೇರಿಗಳೂ ಅದರಲ್ಲೇ ಉಳಿದಿದ್ದವು. ಅಲ್ಲಿದ್ದವರನ್ನು ಯಾರೂ ಪೆದ್ದ ಅನ್ನಲಿಲ್ಲ, ಸಾಹೇಬರು ಅಂದರು.

ಓಬಮ್ಮ ಸೋತಳು. "ನನ್ನ ಮಾತು ಬಿಡು. ಪರದೆ ಮೇಲೆ ಏನು ಬರೆದೈತೋ ಓದಿ, ಹಂಗೇ ಮಾಡು."

ಮಾರನೆಯ ದಿನ ನರ್ಸಿಂಗ್ ಅರ್ಜಿ ಹಾಕಲು ಪಕ್ಕದ ಬೀದಿಯ ಪುಷ್ಪಲತಾ ಗೆಳತಿಯೊಂದಿಗೆ ಬಂದಳು. ಅವತ್ತೇ ಕೊನೆಯ ದಿನ. ತಿಪ್ಪೇಶಿ ನೀಲಿ ಅಕ್ಷರ ಒತ್ತಿದ. ಪರದೆ ಮೇಲೆ ಬಂತು: "ನಿಮ್ಮದು ತುಂಬಾ ಹಳೆಯದು. ಹೊಸದನ್ನು ಹಾಕಿಕೊಂಡು ಮತ್ತೆ ಬನ್ನಿ."

ತಿಪ್ಪೇಶಿ ಓದಿದ. ತನ್ನ ಅಂಗಿ ನೋಡಿಕೊಂಡ. "ಸ್ವಲ್ಪ ಇರಮ್ಮ" ಅಂತ ಎದ್ದು ಹೋದ.

ಪುಷ್ಪಲತಾ ಕಾದಳು, ಕಾದಳು. ಕೊನೆಗೆ ಗೆಳತಿಯ ಫೋನಿನಲ್ಲೇ ಅರ್ಜಿ ಹಾಕಿ ಹೊರಟಳು. ತಿಪ್ಪೇಶಿ ಜವಳಿ ಅಂಗಡಿಯ ಗರಿಗರಿ ಅಂಗಿ ತೊಟ್ಟು, ತಲೆ ಬಾಚಿ ಬಂದು ಕೂತ. ಪರದೆ ಅದೇ ಮಾತು ಹೇಳಿತು.

"ಇದೇನೋ ವೇಷ?" ಅಂದಳು ಒಳಗೆ ಬಂದ ಓಬಮ್ಮ.

"ಹೊಸದು ಹಾಕ್ಕೊಂಡು ಬಂದರೂ ಹಳೇದು ಅಂತೈತೆ ಕಣವ್ವ," ಅಂದ ತಿಪ್ಪೇಶಿ. "ಒಳಗಿನ ಹಳೇ ಬನಿಯನ್ ಅದಕ್ಕೆ ಹೆಂಗೆ ಕಾಣಿಸ್ತು ಅಂತ?"