ಫೋನಿನೊಳಗಿನ ಅವ್ವ

ನಿಂತವರು ಕೂತುಕೊಳ್ಳಿ, ಕೂತವರು ಒಂದಿಷ್ಟು ಸರಿದು ಜಾಗ ಕೊಡಿ, ಅಡಿವೆಪ್ಪನ ಕತೆ ಹೇಳುತ್ತೇನೆ. ಅಡಿವೆಪ್ಪನಿಗೆ ಮೀಸೆ ಬಂದು ಹತ್ತು ವರ್ಷವಾಗಿತ್ತು, ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಉಳಿದಿತ್ತು. ಬೆಕ್ಕಿನ ಮೇಲೆ ಕಣ್ಣಿಡು ಅಂದರೆ, ಬೆಕ್ಕು ಹಾಲು ಕುಡಿದು ಮುಗಿಸುವ ತನಕ ಕಣ್ಣು ಕೀಳದೆ ನೋಡುವವನು.

ಅವನ ಅವ್ವ ಫಕೀರವ್ವ ಸೋಬಾನೆ ಹಾಡುವವಳು. ಸುರಗಿ ಅಂದರೆ ಮದುಮಕ್ಕಳಿಗೆ ಅರಿಶಿನ ಹಚ್ಚಿ ನೀರೆರೆಯುವ ಶಾಸ್ತ್ರ. ಅದು ಯಾರ ಮನೆಯಲ್ಲಿದ್ದರೂ ಹಾಡು ಇವಳದೇ. ಮದುಮಕ್ಕಳ ಹೆಸರು ಸೇರಿಸಿ, ಬೀಗರ ಮೀಸೆ, ಹೊಟ್ಟೆ ನೋಡಿ ಅಲ್ಲೇ ಸಾಲು ಕಟ್ಟುತ್ತಿದ್ದಳು. ಒಂದು ಮದುವೆಯ ಹಾಡು ಇನ್ನೊಂದಕ್ಕೆ ಇರುತ್ತಿರಲಿಲ್ಲ. ಅವಳಿಗಿದ್ದ ಆಸೆ ಒಂದೇ, ತಮ್ಮನ ಮಗಳು ಗಂಗವ್ವನ ಸುರಗಿಗೆ ಹಾಡಬೇಕು. ಆ ಹುಡುಗಿ ಹುಟ್ಟಿದಾಗಿನಿಂದ ಅವಳಿಗೆಂದೇ ಸಾಲು ಕೂಡಿಡುತ್ತಿದ್ದಳು.

ಅಷ್ಟರಲ್ಲಿ ಗಂಟಲು ಕಟ್ಟಿತು. ಎರಡು ತಿಂಗಳು ಹಾಡಬಾರದು ಅಂದರು ಡಾಕ್ಟರು.

ಮೇಟಿಯವರ ಮನೆಯಿಂದ ಸುರಗಿಗೆ ಕರೆ ಬಂತು. ಹಿಂದಿನ ತಿಂಗಳು ಶಿವಲೀಲಾಳ ಸುರಗಿಯಲ್ಲಿ ಇವಳು ಹಾಡಿದ್ದನ್ನು ಯಾರೋ ಅಡಿವೆಪ್ಪನ ಫೋನಿನಲ್ಲಿ ರೆಕಾರ್ಡ್ ಹಿಡಿದುಕೊಟ್ಟಿದ್ದರು. ಫಕೀರವ್ವ ಮಗನನ್ನು ಕರೆದಳು.

"ಹೋಗಿ ಹಾಡು ಹಚ್ಚಿ ಬಾರೋ. ಒಂದಕ್ಷರ ಬಿಡಬ್ಯಾಡ."

ಒಂದಕ್ಷರವನ್ನೂ ಬಿಡಲಿಲ್ಲ ಅಡಿವೆಪ್ಪ. ಮಣೆಯ ಮೇಲೆ ಕೂತ ಮದುಮಗಳು ರೇಣುಕಾ, ಹಾಡಿನಲ್ಲಿ ನೀರೆರೆಸಿಕೊಂಡವಳು ಶಿವಲೀಲಾ, ಹಾಡಿನಲ್ಲೇ ಅವಳ ಪಕ್ಕ ಕೂತ ಗಂಡು ಮಾಂತೇಶ. ಯಾರವ ಮಾಂತೇಶ ಎಂದು ಬೀಗರು ಎದ್ದು ನಿಂತರು. ರೇಣುಕಾ ಅರಿಶಿನದ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಫಕೀರವ್ವ ಇಲ್ಲದ ದನಿಯಲ್ಲೇ ಬೈದಳು. "ಹೆಸರು ಬಂದಲ್ಲಿ ಬಂದ್ ಮಾಡಿ, ಅಲ್ಲಿದ್ದವರ ಹೆಸರು ನೀ ಹೇಳಬೇಕಲೇ ಖೋಡಿ."

"ಹೂಂ ಅವ್ವ," ಅಂದ.

ಮುಂದಿನ ವಾರ ಒಂದು ತೊಟ್ಟಿಲು ಶಾಸ್ತ್ರ. ಫೋನಿನಲ್ಲಿದ್ದ ಅವ್ವನ ಜೋಗುಳ ಹಚ್ಚಿದ. ಕೂಸಿನ ಹೆಸರು ಬರುವಲ್ಲಿ ಬಂದ್ ಮಾಡಿದ, ಅಲ್ಲಿದ್ದವರ ಹೆಸರು ಹೇಳಿದ. ಒಬ್ಬರನ್ನೂ ಬಿಡಲಿಲ್ಲ. ಎಂಬತ್ತರ ಬಸಲಿಂಗಜ್ಜಿಗೆ ಹಾಲು ಕುಡಿದು ಮಲಗೆಂದ, ಪೊಲೀಸ್ ಪಾಟೀಲರಿಗೆ ಅಳಬೇಡ ಕಂದಾ ಅಂದ. ಹೆಸರುಗಳು ಮುಗಿಯುವಷ್ಟರಲ್ಲಿ ಕೂಸು ಅತ್ತು ಅತ್ತು ತಾನೇ ಮಲಗಿತ್ತು.

"ನಿನ್ನ ಬಾಯಿಗೆ ಬೀಗ ಹಾಕ," ಅಂದಳು ಫಕೀರವ್ವ. "ಹಾಡಿನ ನಡುವ ಬಾಯಿ ಹಾಕಬಾರದು. ನೀನೂ ಹಾಕಬ್ಯಾಡ, ಯಾರರ ಹಾಕಿದ್ರ ಅವರನ್ನೂ ಸುಮ್ಮನಿರಸು."

"ಹೂಂ ಅವ್ವ."

ಅಂದಿನಿಂದ ಅಡಿವೆಪ್ಪ ತುಟಿ ಬಿಚ್ಚಲಿಲ್ಲ, ಹಾಡು ಹಿಡಿದಂತೆಯೇ ನಡೆಯಿತು. ಊರಿನ ಎಲ್ಲ ಫೋನುಗಳಿಗೂ ಅದು ಹಬ್ಬಿತು, ಹೆಂಗಸರಿಗೆಲ್ಲ ಬಾಯಿಪಾಠವಾಯಿತು. ಈಗ ಮದುಮಗಳು ಯಾರೇ ಇರಲಿ, ಶಿವಲೀಲಾ ಅನ್ನುವಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮಾಂತೇಶ ಯಾರೆಂದು ಯಾವ ಬೀಗನೂ ಕೇಳುತ್ತಿರಲಿಲ್ಲ.

ಎರಡು ತಿಂಗಳಾಯಿತು. ಫಕೀರವ್ವನ ದನಿ ತಿರುಗಿ ಬಂತು, ಗಂಗವ್ವನ ಸುರಗಿಯೂ ಬಂತು. ಇಳಕಲ್ ಸೀರೆ ಉಟ್ಟು, ವೀಳ್ಯ ಹಾಕಿಕೊಂಡು ಹೋದಳು. ಚಾಪೆಯ ನಡುವೆ, ಅವಳು ಕೂರುವ ಜಾಗದಲ್ಲಿ, ಫೋನು ಕೂತಿತ್ತು. ಆಗಲೇ ಹಾಡು ಶುರುವಾಗಿತ್ತು.

ಅವಳು ಪಕ್ಕದಲ್ಲೇ ಕೂತು, ಗಂಟಲು ಸರಿಮಾಡಿಕೊಂಡು, ಕೂಡಿಟ್ಟ ಮೊದಲ ಸಾಲು ಎತ್ತಿದಳು. ಸಾಲಿನಲ್ಲಿ ಗಂಗವ್ವನ ಹೆಸರು ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಮಣೆಯ ಮೇಲಿಂದ ಮದುಮಗಳು ಮೆಲ್ಲಗೆ ಅಂದಳು. "ಅತ್ತಿ, ಅಲ್ಲಿ ಶಿವಲೀಲಾ ಅಂತ ಬರಬೇಕಲ್ಲ?"

ಫಕೀರವ್ವ ಉತ್ತರ ಹೇಳುವ ಮೊದಲೇ ಅಡಿವೆಪ್ಪ ಬಾಯಿಗೆ ಬೆರಳಿಟ್ಟು ಎದ್ದುಬಂದ.

"ಸುಮ್ಕಿರವ್ವ. ಅವ್ವ ಹಾಡಾಕತ್ತಾಳ."

"ಮತ್ತ ನಾ ಯಾರಲೇ?"

ಅಡಿವೆಪ್ಪ ಫೋನು ನೋಡಿದ, ಅವ್ವನನ್ನು ನೋಡಿದ. "ನೀನೂ ಅವ್ವನ. ಆದ್ರ ನೀ ತಪ್ಪಾಕತ್ತಿ. ಆಕಿ ಒಂದ ಸಲಾನೂ ತಪ್ಪಿಲ್ಲ."

ಚಾಪೆಯ ಮೇಲಿದ್ದ ಹೆಂಗಸರು ಫೋನಿನ ಜೊತೆ ಹಾಡು ಮುಂದುವರಿಸಿದರು. ಫಕೀರವ್ವ ಮಗನ ಮೇಲೆ ಹರಿಹಾಯ್ದಳು.

"ಹಂಗಾದ್ರ ಆಕಿನ್ನ ಮನಿಗೆ ಕರ್ಕೊಂಡು ಹೋಗು. ಉಣಿಸು, ಮಲಗಸು, ಬಾಗಿಲಾ ಹಾಕ್ಕೊ. ಆಕಿ ನಿದ್ದಿ ಕೆಡಸಾಕ ಯಾರನ್ನೂ ಒಳಗ ಬಿಡಬ್ಯಾಡ."

"ಹೂಂ ಅವ್ವ," ಅಂದ. ಹಾಡು ಮುಗಿದ ಮೇಲೆ ಫೋನನ್ನು ಎದೆಗವುಚಿಕೊಂಡು ಹೊರಟೇಬಿಟ್ಟ. ಫಕೀರವ್ವ ಚಪ್ಪರದ ಕಂಬಕ್ಕೆ ಒರಗಿ ಕೂತಳು. ಇಪ್ಪತ್ತು ವರ್ಷ ಕೂಡಿಟ್ಟ ಸಾಲುಗಳನ್ನು ಯಾರೂ ಕೇಳಲಿಲ್ಲ, ಅವಳೂ ಹಾಡಲಿಲ್ಲ. ಮಧ್ಯಾಹ್ನದ ಊಟವನ್ನೂ ಮಾಡದೆ ಮನೆಗೆ ನಡೆದಳು.

ಬಾಗಿಲಿಗೆ ಒಳಗಿಂದ ಚಿಲಕ. ಕಿಟಕಿಯಲ್ಲಿ ಇಣುಕಿದರೆ, ತನ್ನ ಹಾಸಿಗೆಯಲ್ಲಿ ತನ್ನ ಕೌದಿ ಹೊದ್ದು ಫೋನು ಮಲಗಿದೆ. ಉಣ್ಣಲೆಂದು ಚಾರ್ಜಿಗೆ ಹಾಕಿದ್ದಾನೆ.

"ಅಡಿವೆಪ್ಪ, ಬಾಗಿಲಾ ತಗಿಯಪ್ಪ. ನಾನು, ನಿಮ್ಮವ್ವ."

ಅಡಿವೆಪ್ಪ ಒಳಗಿಂದ ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ.

"ಅವ್ವ ಮಲಗ್ಯಾಳ, ನಾಳೆ ಬರ್ರಿ. ಆದ್ರ ಒಂದು ಮಾತು ಹೇಳ್ತೀನಿ, ನೀವು ಯಾರರ ಇರ್ರಿ, ನಮ್ಮವ್ವನ ದನಿ ಭಾಳ ಚಲೋ ತಗೀತೀರಿ."