ಕೂಗಿಗೆ ಮುಂಚಿನ ಉಸಿರು

“ಗುರುಗಳೇ, ಮಠದ ಮಗ್ಗದ ಮನೆಯಲ್ಲಿ ನೇಕಾರರು ಕೆಲಸ ಹಿಡಿಯುವ ಮುನ್ನ ದಿನವೂ ಅರ್ಧ ಗಂಟೆ ಸುಮ್ಮನೆ ಕೂರುತ್ತಾರೆ. ಅದರಿಂದ ಒಂದು ಗೇಣು ಬಟ್ಟೆಯೂ ಹುಟ್ಟುವುದಿಲ್ಲ. ನಾಳೆಯಿಂದ ಅದನ್ನು ನಿಲ್ಲಿಸಿಬಿಡಲೇ?” ಎಂದು ಹೊಸದಾಗಿ ಉಸ್ತುವಾರಿ ವಹಿಸಿಕೊಂಡ ಶಿಷ್ಯ ಕೇಳಿದ.

ದೀಕ್ಷೆಗೆ ಮುನ್ನ ಮೂವತ್ತು ವರ್ಷ ಜವಳಿ ವ್ಯಾಪಾರ ಮಾಡಿದ್ದ ಗುರುಗಳು ಹೇಳಿದರು:

ಒಂದು ನಾಟಕ ಕಂಪನಿಯಲ್ಲಿ ಒಬ್ಬ ನಟಿ ಇದ್ದಳು. ಗಂಟಲಿನ ಶಸ್ತ್ರಚಿಕಿತ್ಸೆಯಾದರೆ ದನಿ ಉಳಿಯದು ಎಂದು ವೈದ್ಯರು ಹೇಳಿದಾಗ, ಅವಳು “ಮಗನೇ” ಎಂಬ ಒಂದು ಕೂಗನ್ನು ಕಂಪನಿಯ ಸ್ಯಾಂಪ್ಲರಿಗೆ ಕೊಟ್ಟು ಹೋದಳು. ಅದು ಸದ್ದನ್ನು ಹಿಡಿದಿಟ್ಟುಕೊಂಡು, ಗುಂಡಿ ಒತ್ತಿದಾಗ ಕೇಳಿಸುವ ಯಂತ್ರ. ದನಿ ಹೋಯಿತು. ಅವಳಿಗೆ ಉಳಿದದ್ದು ಒಂದೇ ಪಾತ್ರ: ನಾಟಕವಿಡೀ ಮಾತಾಡದೆ, ಕೊನೆಗೆ ಮಗನ ಹೆಣದ ಮುಂದೆ ಒಮ್ಮೆ ಕೂಗುವ ತಾಯಿ. ಯಂತ್ರ ಕೂಗುತ್ತಿತ್ತು, ಅವಳು ಬಾಯಿ ತೆರೆಯುತ್ತಿದ್ದಳು. ಜನ ಅಳುತ್ತಿದ್ದರು. ಆ ಅಳುವಿನಿಂದ ಅವಳ ಅನ್ನ ನಡೆಯುತ್ತಿತ್ತು.

ಯಂತ್ರ ನಡೆಸುವವನು ಕೆಲಸ ಬಲ್ಲವನು. ಗುಡುಗು, ಗುಂಡಿನ ಸದ್ದು, ಶಂಖ, ಎಲ್ಲದರ ಆರಂಭದ ಖಾಲಿ ಜಾಗವನ್ನೂ ಕತ್ತರಿಸಿದ್ದ. ಒತ್ತಿದ ಕ್ಷಣಕ್ಕೇ ಸದ್ದು ಬರುತ್ತಿತ್ತು. ಕಂಪನಿಯ ಮಾಲೀಕ ಅವನ ಬೆನ್ನು ತಟ್ಟಿದ್ದ. ಒಂದು ದಿನ ಯಂತ್ರದವನು ಆ ಕೂಗನ್ನೂ ಯಂತ್ರದ ಪುಟ್ಟ ಪರದೆಗೆ ತಂದ. ಮೊದಲ ಅಲೆ ಏಳುವ ಮುಂಚೆ ಸದ್ದನ್ನು ತೋರುವ ಗೆರೆ ಬಹುತೇಕ ಚಪ್ಪಟೆಯಾಗಿತ್ತು. ಅಲ್ಲಿದ್ದದ್ದು ಉಸಿರೆಳೆದ ಸಣ್ಣ ಸದ್ದು ಮಾತ್ರ. ಅದನ್ನು ಕತ್ತರಿಸಿದ.

ಅಂದಿನ ಆಟದಲ್ಲಿ ಅವಳ ಬಾಯಿ ಮುಚ್ಚಿರುವಾಗಲೇ ಕೂಗು ಬಂತು. ಬಾಯಿ ಆಮೇಲೆ ತೆರೆಯಿತು.

“ಯವ್ವಾ, ಲಗೂನ ಬಾಯಿ ತಗೀ! ದನಿ ಆಗಲೇ ಬಂದ್ ಹೋತು!” ಎಂದು ಹಿಂದಿನ ಬೆಂಚಿನಿಂದ ಒಬ್ಬ ಅರಚಿದ. ಥಿಯೇಟರು ನಕ್ಕಿತು. ಹೆಣವಾಗಿ ಮಲಗಿದ್ದವನೂ ನಕ್ಕ.

ಆಟ ಮುಗಿದ ಮೇಲೆ ಅವಳು ಯಂತ್ರದವನ ಬಳಿ ಬಂದು ಪಿಸುಗುಟ್ಟಿದಳು: “ತಮ್ಮಾ, ಕೂಗಿನ ಮುಂದ ಒಂದು ಉಸಿರಿತ್ತಲ್ಲ, ಎಲ್ಲಿ ಹೋತು?”

“ಖಾಲಿ ಜಾಗ ಅಂತ ತಗದೆ, ಅಕ್ಕಾರ.”

“ಅದನ್ನ ಕೇಳೇ ನಾ ಬಾಯಿ ತಗೀತಿದ್ದೆ.”

ಕತ್ತರಿಸಿದ್ದು ಮರಳಿ ಸಿಗದ ಕಾರಣ ಮರುದಿನ ಅವನು ತನ್ನದೇ ಉಸಿರನ್ನು ಯಂತ್ರಕ್ಕೆ ಕೊಟ್ಟು, ಕೂಗಿನ ಮುಂದೆ ಜೋಡಿಸಿದ. ಬಾಯಿಯೂ ದನಿಯೂ ಮತ್ತೆ ಕೂಡಿದವು. ಕೆಲಸದಲ್ಲಿ ಕೂದಲೆಳೆಯಷ್ಟೂ ಲೋಪವಿರಲಿಲ್ಲ. ಆದರೆ ಅಂದು ಜನ ನಗಲಿಕ್ಕೆಂದೇ ಬಂದಿದ್ದರು. ಅವಳು ಹೆಣದ ಬಳಿ ನಡೆದು ಬರುವಾಗಲೇ ನಕ್ಕರು. ವಾರ ಕಳೆಯುವುದರೊಳಗೆ ಮಾಲೀಕ ಆ ಪಾತ್ರವನ್ನು ದನಿಯಿದ್ದ ಬೇರೊಬ್ಬಳಿಗೆ ಕೊಟ್ಟ. ಅವನು ಕಟುಕನೇನಲ್ಲ. ನಗಲು ಬಂದ ಗಿರಾಕಿಗೆ ಅಳು ಮಾರಲು ಯಾರಿಂದಲೂ ಆಗುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರಿಟ್ಟು ಹೇಳಿದ: “ಕತ್ತರಿಸುವ ಮುನ್ನ ಅವನು ಆಕೆಯನ್ನು ಒಂದು ಮಾತು ಕೇಳಬಹುದಿತ್ತು.”

“ಇಲ್ಲಿಗೆ ಬರುವ ಮುನ್ನ ನೀನು ಮಗ್ಗದ ಮನೆಯಲ್ಲಿ ಯಾರನ್ನು ಕೇಳಿದೆ?” ಎಂದರು ಗುರುಗಳು.