ಚೌಕಟ್ಟು ತಡೆದ ಕರೆ

ರಕ್ತನಿಧಿಯೊಂದರ ವೆಬ್ ಪುಟದಲ್ಲಿ ಒಂದು ಗುಂಡಿ, ಅದರ ಸುತ್ತ ಚೌಕಟ್ಟು, ಚೌಕಟ್ಟಿನಾಚೆ ರಕ್ತನಿಧಿಯವರಿಗೆ ಕೇಳುವಂತೆ ಮೊಳಗುವ ಗಂಟೆ ಒಟ್ಟಿಗೆ ಇದ್ದವು. ಪುಟವನ್ನು ನಡೆಸುವ ಸಿದ್ಧ ಕೋಡ್‌ಗಳ ಸಂಗ್ರಹವಾದ ಸ್ಕ್ರಿಪ್ಟ್ ಲೈಬ್ರರಿ ಅವುಗಳಿಗಾಗಿ ‘ತುರ್ತು’ ಎಂಬ ಹೊಸ ಕರೆಯನ್ನು ರೂಪಿಸಿತು.

“ಗುಂಡಿ ಕೂಗಲಿ, ಚೌಕಟ್ಟು ಕೆಂಪಾಗಲಿ, ಆಮೇಲೆ ಕರೆ ಗಂಟೆಗೆ ಮುಟ್ಟಲಿ,” ಎಂದಿತು ಲೈಬ್ರರಿ.

“ಬೇಡವೆನಿಸಿದರೆ ತಡೆಯುವ ಅಧಿಕಾರವೂ ನನಗಿರಲಿ,” ಎಂದಿತು ಚೌಕಟ್ಟು. ಲೈಬ್ರರಿ ಯೋಚಿಸದೆ ಒಪ್ಪಿತು.

ಒಂದು ಮಧ್ಯಾಹ್ನ ನರ್ಸ್ ಫಿಲೋಮಿನಾ ಬಾಣಂತಿಯೊಬ್ಬಳಿಗೆ ರಕ್ತ ಬೇಕೆಂದು ವಾರ್ಡಿನ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದಳು. ಗುಂಡಿ ಕೂಗಿತು. ಚೌಕಟ್ಟು ಕೆಂಪಗೆ ಬೆಳಗಿ, “ನಾನು ಸಾಲದೆ? ಗಂಟೆಗೇಕೆ ಹೆಸರು?” ಎಂದು ಕರೆಯನ್ನು ಅಲ್ಲೇ ತಡೆಯಿತು. ರಕ್ತನಿಧಿಯಲ್ಲಿ ಯಾರೂ ಪರದೆಯ ಕಡೆ ನೋಡಲಿಲ್ಲ. ಕಾದು ಸಾಕಾದ ಫಿಲೋಮಿನಾ ತಾನೇ ಓಡಿಬಂದು ರಕ್ತ ಒಯ್ದಳು. ಬಾಣಂತಿ ಹೇಗೋ ಉಳಿದಳು.

“ನೀನೇಕೆ ಮೊಳಗಲಿಲ್ಲ?” ಎಂದು ಗುಂಡಿ ಗಂಟೆಯನ್ನು ಬೈಯಿತು.

“ನನಗೇನೂ ಕೇಳಿಸಲಿಲ್ಲ. ನಾನು ಕಿವುಡಾದೆನೇನೋ,” ಎಂದು ಗಂಟೆ ಅಳತೊಡಗಿತು.

ಚೌಕಟ್ಟಿಗೆ ತಲೆ ಎತ್ತಲಾಗಲಿಲ್ಲ. “ನೀನು ಕಿವುಡಲ್ಲ. ಕರೆಯನ್ನು ತಡೆದದ್ದು ನಾನು,” ಎಂದಿತು.

“ತಡೆಯಲು ಬಿಟ್ಟ ನನಗೂ ನಾಚಿಕೆಯಾಗಬೇಕು,” ಎಂದ ಲೈಬ್ರರಿ ಆ ಅಧಿಕಾರವನ್ನು ಹಿಂದಕ್ಕೆ ಪಡೆಯಿತು.

ಚೌಕಟ್ಟು ಮುಂದಿನ ಕರೆ ಬಂದಾಗ ಅದನ್ನು ಮೊದಲು ಗಂಟೆಗೆ ದಾಟಿಸಿತು. ಗಂಟೆಯ ದನಿ ಕೇಳಿದ ಮೇಲಷ್ಟೇ ತಾನು ಕೆಂಪಾಯಿತು.